ಟ್ರಿಮ್ ಮಾಡುವುದು ಹೇಗೆ? ಸೆಸ್ನಾದ ರೂಢಿ ಬೋಯಿಂಗ್‌ಗೆ ಆಗದು

ವಿಮಾನ ಹಾರಿಸಲು ಕಲಿಯುವವರಾಗಲಿ, ಮನೆಯಲ್ಲಿ ಸಿಮ್ಯುಲೇಟರ್ ಆಡುವವರಾಗಲಿ, ಮಾಡುವ ಎಡವಟ್ಟು ಒಂದೇ. ಮೂತಿ ಏಳಬೇಕು ಅನ್ನಿಸಿದ ಕೂಡಲೇ ಟ್ರಿಮ್ ಚಕ್ರಕ್ಕೆ ಕೈ ಹಾಕುತ್ತಾರೆ. ಜಾಸ್ತಿಯಾಯಿತು ಅಂತ ವಾಪಸ್ ತಿರುಗಿಸುತ್ತಾರೆ. ವಿಮಾನ ಏಳುತ್ತಾ ಬೀಳುತ್ತಾ ಸಾಗುತ್ತದೆ. ಟ್ರಿಮ್ ಇರುವುದು ಹಾರಿಸಲಿಕ್ಕಲ್ಲ, ಕೈಗೆ ಬೀಳುವ ಭಾರ ಇಳಿಸಲಿಕ್ಕೆ.

ಸೆಸ್ನಾ 172 ಎಂಬ ಪುಟ್ಟ ವಿಮಾನ ತೆಗೆದುಕೊಳ್ಳಿ. ಯೋಕ್‌ನಿಂದ, ಅಂದರೆ ಪೈಲಟ್ ಕೈಯಲ್ಲಿ ಹಿಡಿಯುವ ಸ್ಟಿಯರಿಂಗ್‌ನಿಂದ, ಮೂತಿಯನ್ನು ಬೇಕಾದಲ್ಲಿ ನಿಲ್ಲಿಸಿ, ಪವರ್ ಹೊಂದಿಸಿ.

ಈಗ ಕಾಯಿರಿ. ಕೆಡುವುದು ಇಲ್ಲೇ. ವೇಗ ಒಂದು ಕಡೆ ನಿಲ್ಲುವ ಮೊದಲೇ ಟ್ರಿಮ್ ಮಾಡಿದರೆ ಮತ್ತೆ ಮಾಡಬೇಕಾಗುತ್ತದೆ. ಯೋಕನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದವರಿಗೆ ಭಾರ ಯಾವ ಕಡೆಗಿದೆ ಅಂತಲೇ ಗೊತ್ತಾಗುವುದಿಲ್ಲ. ಎರಡು ಬೆರಳು, ಒಂದು ಹೆಬ್ಬೆರಳು ಸಾಕು. ಎಳೆದೇ ಹಿಡಿದಿರಬೇಕಾಗಿದೆಯೇ? ಬಲ ಮೊಣಕಾಲಿನ ಪಕ್ಕದ ಚಕ್ರವನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತಿರುಗಿಸಿ. ಮೂತಿ ಏಳಿಸಿ ಇಳಿಸುವ ಬಾಲದ ಹಲಗೆಯೇ ಎಲಿವೇಟರ್; ಅದರ ಹಿಂದಿನ ಅಂಚಿನಲ್ಲಿರುವ ಟ್ಯಾಬ್ ಎಂಬ ಪುಟ್ಟ ಪಟ್ಟಿ ಕೆಳಗೆ ಬಾಗುತ್ತದೆ. ಗಾಳಿ ಅದನ್ನು ಮೇಲಕ್ಕೆ ಒತ್ತಿ, ಎಲಿವೇಟರನ್ನೂ ಮೇಲೆಯೇ ಹಿಡಿದಿಡುತ್ತದೆ. ಯೋಕ್ ಇದ್ದಲ್ಲೇ ಇರುತ್ತದೆ, ಭಾರ ಮಾತ್ರ ಕರಗುತ್ತದೆ. ಬೆರಳು ಸಡಿಲಿಸಿ ನೋಡಿ. ಮೂತಿ ಇಳಿದರೆ ಇನ್ನಷ್ಟು ತಿರುಗಿಸಿ. ತಿರುವಿನಲ್ಲಿದ್ದಾಗ ಮಾತ್ರ ಟ್ರಿಮ್ ಮುಟ್ಟಬೇಡಿ. ಎಲೆಕ್ಟ್ರಿಕ್ ಗುಂಡಿ ಇದ್ದರೂ ಮೊದಲು ಕೈಚಕ್ರದಲ್ಲೇ ಕಲಿಯಿರಿ.

ಸಸ್ತಾ ಜಾಯ್‌ಸ್ಟಿಕ್‌ನಲ್ಲಿ ಇದನ್ನು ಕಲಿಯಲಾಗದು. ಅದರ ಸ್ಪ್ರಿಂಗ್ ಯಾವಾಗಲೂ ನಡುವಿಗೇ ಎಳೆಯುತ್ತದೆ. ಹಾಗಾಗಿ ಟ್ರಿಮ್ ಮಾಡುತ್ತಾ ಕೋಲನ್ನೂ ಬಿಡುತ್ತಾ ಬರಬೇಕು. ಅಂದರೆ ಸೆಸ್ನಾದಲ್ಲಿ ಕೂತು ಬೋಯಿಂಗ್ ರೂಢಿ ಕಲಿತಂತೆ!

ಬೋಯಿಂಗ್ 737ರಲ್ಲಿ ಜಾಕ್‌ಸ್ಕ್ರೂ ಎಂಬ ಉದ್ದನೆಯ ತಿರುಪು ಬಾಲದ ಅಡ್ಡರೆಕ್ಕೆಯನ್ನೇ ಇಡಿಯಾಗಿ ಓರೆ ಮಾಡುತ್ತದೆ. ಜನ, ಇಂಧನ, ರೆಕ್ಕೆಯ ಹಿಂದೆ ಇಳಿಯುವ ಫ್ಲ್ಯಾಪ್, ವೇಗ ಎಲ್ಲವೂ ಬದಲಾಗುತ್ತಲೇ ಇರುವ ವಿಮಾನಕ್ಕೆ ಪುಟ್ಟ ಟ್ಯಾಬ್ ಸಾಲದು. ಸಣ್ಣ ವಿಮಾನಗಳಲ್ಲೂ ಪೈಪರ್ ಕಬ್‌ನಂಥ ಕೆಲವು ಹೀಗೇ ಮಾಡುತ್ತವೆ ಅನ್ನಿ. ಯೋಕ್ ಎಳೆದು ಹಿಡಿದು, ಹೆಬ್ಬೆರಳಿನಿಂದ ಅದರ ಮೇಲಿನ ಟ್ರಿಮ್ ಸ್ವಿಚ್ ಒತ್ತಿ. ಬಾಲ ಸರಿದಂತೆಲ್ಲ ಯೋಕನ್ನು ನಡುವಿನ ಕಡೆಗೆ ಬಿಡುತ್ತಾ ಬನ್ನಿ. ಸೆಸ್ನಾದಂತೆ ಇದ್ದಲ್ಲೇ ಹಿಡಿದರೆ ಮೂತಿ ಇನ್ನೂ ಏಳುತ್ತದೆ. ಪಕ್ಕದ ದೊಡ್ಡ ಚಕ್ರ ಗಡಗಡ ತಿರುಗುತ್ತದೆ. ಅದರ ಹಿಡಿಕೆ ಮಡಚಿದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಮಂಡಿಗೆ ಪೆಟ್ಟು.

ಚಕ್ರ ತಾನಾಗಿ ತಿರುಗುತ್ತಲೇ ಹೋದರೆ ಯೋಕ್ ಗಟ್ಟಿ ಹಿಡಿದು, ಆಟೋಪೈಲಟ್ ತೆಗೆಯಿರಿ. ಆದರೂ ನಿಲ್ಲದಿದ್ದರೆ ಟ್ರಿಮ್ ಮೋಟಾರಿನ ವಿದ್ಯುತ್ ಕಡಿಯುವ ಎರಡೂ ಕಟ್‌ಔಟ್ ಸ್ವಿಚ್ ಹಾಕಿ. ಬಾಲವೇ ತಪ್ಪಿದರೆ ಎಲಿವೇಟರ್ ಬಲ ಸಾಲದು. 2000ರ ಜನವರಿ 31ರಂದು ಕ್ಯಾಲಿಫೋರ್ನಿಯಾ ಕರಾವಳಿಯಾಚೆ ಬಿದ್ದ ಎಂಡಿ-83 ವಿಮಾನದಲ್ಲಿ, ಗ್ರೀಸ್ ಸಾಲದೆ ಜಾಕ್‌ಸ್ಕ್ರೂ ನಟ್ಟಿನ ಹಲ್ಲುಗಳು ಸವೆದು ಹೋಗಿದ್ದವು. 88 ಜನ ಸತ್ತರು.

ಏರ್‌ಬಸ್ ಎ320ರಲ್ಲಿ ಹಾರುವಾಗ ಟ್ರಿಮ್ ತಾನೇ ಆಗುತ್ತದೆ. ಪರದೆಯಲ್ಲಿ 'ಯೂಸ್ ಮ್ಯಾನ್ ಪಿಚ್ ಟ್ರಿಮ್' ಎಂದು ಬಂದರೆ ಮಾತ್ರ ಆ ಸೌಲಭ್ಯ ಮುಗಿಯಿತು, ಚಕ್ರ ನೀವೇ ತಿರುಗಿಸಬೇಕು.