ವಾರದ ಸೂಪರ್‌ಹೀರೊ ಸಂಚಿಕೆಗಳ ಬಗ್ಗೆ ಅಭಿಪ್ರಾಯ ಬರೆಯುವ ಕ್ರಮ

ಅಮೆರಿಕದ ಕಾಮಿಕ್ಸ್ ಅಂಗಡಿಗಳಿಗೆ ಹೊಸ ಸಂಚಿಕೆಗಳು ಬರುವುದು ಬುಧವಾರ. 2020ರಲ್ಲಿ ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್ ಕಥೆಗಳನ್ನು ಪ್ರಕಟಿಸುವ ಡಿಸಿ ಕಂಪನಿ ತನ್ನ ದಿನವನ್ನು ಮಂಗಳವಾರಕ್ಕೆ ಬದಲಾಯಿಸಿಕೊಂಡಿತ್ತಾದರೂ 2024ರ ಜುಲೈ ತಿಂಗಳಿನಿಂದ ಮತ್ತೆ ಬುಧವಾರಕ್ಕೇ ಮರಳಿರುವುದರಿಂದ, ಸ್ಪೈಡರ್‌ಮ್ಯಾನ್‌ನ ಪ್ರಕಾಶಕರಾದ ಮಾರ್ವೆಲ್ ಮತ್ತು ಡಿಸಿ ಎರಡರ ಸಂಚಿಕೆಗಳನ್ನೂ ಈಗ ಒಟ್ಟಿಗೆ ಎದುರಿಗಿಟ್ಟುಕೊಂಡು ತೂಗಿ ನೋಡಬಹುದು. ನ್ಯೂಯಾರ್ಕಿನಲ್ಲಿ ಬೆಳಿಗ್ಗೆ ಹತ್ತು ಗಂಟೆಯಾದಾಗ ಬೆಂಗಳೂರಿನಲ್ಲಿ ಸಂಜೆ ಏಳೂವರೆ, ಅಲ್ಲಿ ಚಳಿಗಾಲದ ಸಮಯ ಜಾರಿಯಲ್ಲಿರುವ ತಿಂಗಳುಗಳಲ್ಲಿ ಎಂಟೂವರೆ ಆಗಿರುತ್ತದೆ. ನಾವು ಕಚೇರಿ ಮುಗಿಸಿ ಮನೆ ಸೇರುವ ಹೊತ್ತಿಗೆ ಅಲ್ಲಿನವರ ಮೊದಲ ಉದ್ಗಾರಗಳು ಕೇಳಿಬರತೊಡಗಿರುತ್ತವೆ. ಅವುಗಳಿಗೆ ಕಿವಿಗೊಡದೆ, ಗುರುವಾರ ಒಮ್ಮೆ ಓದಿ, ಶನಿವಾರ ಇನ್ನೊಮ್ಮೆ ಓದಿ, ಆಮೇಲೆ ಬರೆಯುವುದು ಒಳ್ಳೆಯದು.

ಬರೆಯುವ ಮುನ್ನ ಒಂದು ವಿಷಯವನ್ನು ಮನಸ್ಸಿನಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಬಿಡಿ ಸಂಚಿಕೆಯೊಂದರಲ್ಲಿ ಕಥೆಗೆ ಸಿಗುವುದು ಸಾಮಾನ್ಯವಾಗಿ ಸುಮಾರು ಇಪ್ಪತ್ತು ಪುಟ. ಉಳಿದದ್ದು ಜಾಹೀರಾತು ಮತ್ತು ಪ್ರಕಟಣೆಗಳ ಪಾಲು. ಬೆಲೆ ಹೆಚ್ಚಾಗಿ 3.99 ಅಥವಾ 4.99 ಡಾಲರ್, ಅಂದರೆ ನಮ್ಮ ಲೆಕ್ಕದಲ್ಲಿ ಮುನ್ನೂರು ರೂಪಾಯಿಗೂ ಮೇಲೆ. ಅಷ್ಟು ಹಣ ತೆತ್ತ ಓದುಗರಿಗೆ ಈ ಇಪ್ಪತ್ತು ಪುಟಗಳು ಏನನ್ನು ಕೊಟ್ಟವು ಎಂಬುದಷ್ಟೇ ನಿಮ್ಮ ವಿಷಯ. ಸೂಪರ್‌ಮ್ಯಾನ್ 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ ಹುಟ್ಟಿದ ಪಾತ್ರಗಳಾದ್ದರಿಂದ, ಅವುಗಳ ಬಗ್ಗೆ ಬರೆಯಲು ಕುಳಿತವರ ಗಮನ ಆ ದೀರ್ಘ ಚರಿತ್ರೆಯ ಕಡೆಗೋ ಈಚಿನ ಸಿನಿಮಾದ ಕಡೆಗೋ ಹೊರಳಿ, ಕೈಯಲ್ಲಿರುವ ಸಂಚಿಕೆ ಪಕ್ಕಕ್ಕೆ ಸರಿದುಬಿಡುತ್ತದೆ. ಬಾಲಮಂಗಳದ ಡಿಂಗನಿಂದ ಓದು ಶುರುಮಾಡಿದ ನಮ್ಮಂಥವರಿಗೆ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ನಮ್ಮಲ್ಲಿ ನಾಯಕನ ಮೇಲಿನ ಅಭಿಮಾನ ಮೊದಲು ಬಂದದ್ದು, ವಿಮರ್ಶೆ ಬಹಳ ತಡವಾಗಿ ಬಂದದ್ದು. ಅಭಿಮಾನವಿದ್ದರೆ ಅಡ್ಡಿಯಿಲ್ಲ, ಅದು ಸಂಚಿಕೆಯ ಅಂಕಗಳನ್ನು ಹೆಚ್ಚಿಸದಂತೆ ನೋಡಿಕೊಂಡರೆ ಸಾಕು.

ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್‌ನಂಥ ಅಂಗಡಿಗಳಲ್ಲಿ ಬಿಡಿ ಸಂಚಿಕೆಗಳನ್ನು ಒಟ್ಟುಗೂಡಿಸಿದ ಕಾಮಿಕ್ಸ್ ಸಂಪುಟಗಳನ್ನೂ ಹಳೆಯ ಪುಸ್ತಕಗಳನ್ನೂ ಹುಡುಕಬಹುದಾದರೂ, ಈ ವಾರವೇ ಬಿಡುಗಡೆಯಾದ ಬಿಡಿ ಸಂಚಿಕೆಗೆ ಬೆಂಗಳೂರಿನ ಅಂಗಡಿಗಳನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಆದ್ದರಿಂದ ಡಿಜಿಟಲ್ ಪ್ರತಿಯನ್ನೇ ಕೊಳ್ಳಬೇಕಾಗುತ್ತದೆ. ಹಿಂದೆ ಪ್ರತ್ಯೇಕವಾಗಿದ್ದ ಕಾಮಿಕ್ಸಾಲಜಿ ಆ್ಯಪ್ 2023ರ ಡಿಸೆಂಬರ್‌ನಲ್ಲಿ ಅಮೆಜಾನ್‌ನ ಕಿಂಡಲ್‌ ಆ್ಯಪ್‌ನೊಳಗೆ ಸೇರಿಹೋಗಿದೆ. ಮಾರ್ವೆಲ್ ಅನ್‌ಲಿಮಿಟೆಡ್ ಚಂದಾ ಅಗ್ಗವೆನಿಸಬಹುದು, ಆದರೆ ಅದಕ್ಕೆ ಹೊಸ ಸಂಚಿಕೆಗಳು ಸೇರುವುದು ಮುದ್ರಿತ ಪ್ರತಿ ಬಂದ ಸುಮಾರು ಮೂರು ತಿಂಗಳ ಮೇಲೆ. ಹಿಂದಿನ ಕಥೆಯನ್ನು ತಿಳಿದುಕೊಳ್ಳಲು ಅದು ಉಪಯುಕ್ತ, ವಾರದ ಅಭಿಪ್ರಾಯಕ್ಕೆ ಅಲ್ಲ. ಯಾರೋ ಸ್ಕ್ಯಾನ್ ಮಾಡಿ ಹಂಚಿದ ಪ್ರತಿಯನ್ನು ಓದಿ ‘ಕೊಟ್ಟ ಕಾಸಿಗೆ ಮೋಸವಿಲ್ಲ’ ಎಂದು ಬರೆಯುವುದು ಮಾತ್ರ ಬೇಡ.

ಒಂದೇ ವಾರದಲ್ಲಿ ಬರುವ ಎಲ್ಲವನ್ನೂ ಓದಬೇಕೆಂಬ ಹಟ ಅಭಿಪ್ರಾಯವನ್ನು ತೆಳುವಾಗಿಸುತ್ತದೆ. ಮೂರು ಅಥವಾ ನಾಲ್ಕು ಸಂಚಿಕೆ ಸಾಕು: ನೀವು ತಪ್ಪದೆ ಹಿಂಬಾಲಿಸುತ್ತಿರುವ ಒಂದು, ಹೊಸದಾಗಿ ಆರಂಭವಾದ ಒಂದು, ನಿಮಗೆ ಅಷ್ಟೇನೂ ಆಸಕ್ತಿಯಿಲ್ಲದ ಪಾತ್ರದ ಒಂದು. ಈ ಮೂರನೆಯದರ ಬಗ್ಗೆ ಬರೆದದ್ದೇ ಹಲವು ಸಲ ಹೆಚ್ಚು ನಿಖರವಾಗಿರುತ್ತದೆ. ಪ್ರಕಾಶಕರು ಮೂರು ತಿಂಗಳ ಮೊದಲೇ ಹೊರಡಿಸುವ ಪರಿಚಯದ ಸಾಲುಗಳನ್ನು ಆಯ್ಕೆಗೆ ಬಳಸಿ, ಆಮೇಲೆ ಮರೆತುಬಿಡಿ. ಅವು ಅಂಗಡಿಯವರು ಆರ್ಡರ್ ಹಾಕಲೆಂದು ಬರೆದ ಜಾಹೀರಾತುಗಳು. ಸಂಚಿಕೆ ಆ ಜಾಹೀರಾತಿನಂತಿಲ್ಲ ಎಂದು ದೂರುವುದರಲ್ಲಿ ಅರ್ಥವಿಲ್ಲ.

ಇನ್ನು ಓದುವ ಬಗೆ. ಇಲ್ಲಿ ಸ್ವಲ್ಪ ನಿಧಾನಿಸಬೇಕು. ಮೆಟ್ರೊದಲ್ಲಿ ನಿಂತು ಫೋನಿನ ಪರದೆಯಲ್ಲಿ ಒಂದೊಂದೇ ಪ್ಯಾನೆಲ್ (ಪುಟದೊಳಗಿನ ಚಿತ್ರದ ಚೌಕಟ್ಟು) ಸರಿಸುತ್ತ ಓದುವುದು ಮೊದಲ ಓದಿಗೆ ನಡೆದೀತು. ಆದರೆ ಚಿತ್ರಕಾರರು ಕಲ್ಪಿಸಿಕೊಂಡದ್ದು ಇಡೀ ಪುಟವನ್ನು. ಪ್ಯಾನೆಲ್ ಪ್ಯಾನೆಲ್ ಆಗಿ ನೋಡಿದರೆ ಕೊಳವೆಯೊಳಗಿಂದ ರಂಗೋಲಿ ನೋಡಿದ ಹಾಗಾಗುತ್ತದೆ. ಎರಡನೆಯ ಓದನ್ನು ಟ್ಯಾಬ್ಲೆಟ್ಟಿನಲ್ಲೋ ಲ್ಯಾಪ್‌ಟಾಪಿನಲ್ಲೋ, ಎದುರುಬದುರಿನ ಎರಡು ಪುಟಗಳೂ ಒಟ್ಟಿಗೆ ಕಾಣುವಂತೆ ಇಟ್ಟುಕೊಂಡು ಮಾಡಬೇಕು. ಮುದ್ರಿತ ಪುಸ್ತಕದಲ್ಲಿ ಹಾಳೆ ಮಗುಚಿದ ಕೂಡಲೇ ಕಣ್ಣಿಗೆ ಬೀಳುವುದು ಎಡಪುಟವಾದ್ದರಿಂದ, ಓದುಗರನ್ನು ಬೆಚ್ಚಿಬೀಳಿಸಬೇಕಾದ ದೃಶ್ಯವನ್ನು ನುರಿತ ಕಥೆಗಾರರು ಅಲ್ಲಿಡುತ್ತಾರೆ, ಅದಕ್ಕೆ ಬೇಕಾದ ಕುತೂಹಲವನ್ನು ಹಿಂದಿನ ಬಲಪುಟದ ಕೊನೆಯ ಪ್ಯಾನೆಲ್‌ನಲ್ಲಿ ಕಟ್ಟಿರುತ್ತಾರೆ. ಬಲಪುಟದ ಮಧ್ಯದಲ್ಲೇ ಖಳನಾಯಕ ಪ್ರತ್ಯಕ್ಷನಾದರೆ ಎಡಪುಟ ಓದುತ್ತಿರುವಾಗಲೇ ಕಣ್ಣಂಚಿನಲ್ಲಿ ಅವನು ಕಂಡುಬಿಡುತ್ತಾನೆ. ಪರದೆಯ ಮೇಲೆ ಒಂದೊಂದೇ ಪುಟ ಸರಿಸಿ ಓದಿದವರಿಗೆ ಈ ದೋಷವೂ ಗೊತ್ತಾಗುವುದಿಲ್ಲ, ಆ ಜಾಣ್ಮೆಯೂ ಗೊತ್ತಾಗುವುದಿಲ್ಲ.

ಮೂರನೆಯ ಬಾರಿ ಬಲೂನುಗಳೊಳಗಿನ ಮಾತನ್ನು ಬಿಟ್ಟು ಬರಿಯ ಚಿತ್ರಗಳನ್ನು ನೋಡುತ್ತ ಹೋಗಿ. ಹೊಡೆದಾಟದ ಪುಟವೊಂದನ್ನು ಆರಿಸಿಕೊಂಡು, ಯಾರು ಎಲ್ಲಿ ನಿಂತಿದ್ದಾರೆ, ಬಿದ್ದವನು ಯಾವ ಕಡೆಯಿಂದ ಏಟು ತಿಂದ, ಕಿಟಕಿ ಹಿಂದಿನ ಪ್ಯಾನೆಲ್‌ನಲ್ಲಿದ್ದ ಕಡೆಯೇ ಇದೆಯೇ ಎಂದು ಪರೀಕ್ಷಿಸಿ. ಮಾತಿಲ್ಲದೆ ಇದೆಲ್ಲ ಅರ್ಥವಾದರೆ ಚಿತ್ರಕಾರರು ತಮ್ಮ ಕೆಲಸ ಮಾಡಿದ್ದಾರೆ. ಸ್ನಾಯುಗಳನ್ನು ಸೊಗಸಾಗಿ ಬರೆಯುವವರೆಲ್ಲ ಕಥೆಯನ್ನು ಸೊಗಸಾಗಿ ನಡೆಸುವವರಲ್ಲ. ಸೂಪರ್‌ಹೀರೊ ಕಾಮಿಕ್ಸ್‌ನಲ್ಲಿ ಈ ಎರಡನ್ನೂ ಬೆರೆಸಿ ಹೊಗಳುವ ಅಭ್ಯಾಸ ಅತಿಯಾಗಿದೆ. ಮುಖಪುಟವನ್ನು ನೋಡಿ ಒಳಗಿನ ಚಿತ್ರದ ಬಗ್ಗೆ ತೀರ್ಮಾನಿಸುವಂತೆಯೂ ಇಲ್ಲ, ಏಕೆಂದರೆ ಅದನ್ನು ಅನೇಕ ವೇಳೆ ಬೇರೊಬ್ಬರು ಬರೆದಿರುತ್ತಾರೆ, ಮೇಲಾಗಿ ಒಂದೇ ಸಂಚಿಕೆಗೆ ಹಲವು ಬದಲಿ ಮುಖಪುಟಗಳಿರುತ್ತವೆ. ಶಾಯಿಯ ಗೆರೆಯ ದಪ್ಪ, ತೆಳುವುಗಳನ್ನು ಗುರುತಿಸಲು ಕಣ್ಣು ಪಳಗಬೇಕೆಂದಿದ್ದರೆ ಎಂ.ಜಿ. ರಸ್ತೆಯ ಬಳಿ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಭಾರತೀಯ ಕಾರ್ಟೂನು ಗ್ಯಾಲರಿಯಲ್ಲಿ ಒಂದು ಮಧ್ಯಾಹ್ನ ಕಳೆಯಬಹುದು. ಅಲ್ಲಿ ಸೂಪರ್‌ಹೀರೊಗಳಿಗಿಂತ ರಾಜಕಾರಣಿಗಳೇ ಹೆಚ್ಚು, ಆದರೂ ಗೆರೆ ಗೆರೆಯೇ.

ಹೆಸರುಗಳನ್ನು ಪೂರ್ತಿ ಬರೆಯಿರಿ. ಕಥೆ ಬರೆದವರ ಹೆಸರು ಹೇಳಿ ಉಳಿದವರನ್ನು ‘ತಂಡ’ ಎಂದು ಮುಗಿಸುವುದು ಅನ್ಯಾಯ. ಪೆನ್ಸಿಲ್ ಚಿತ್ರ, ಅದರ ಮೇಲೆ ಶಾಯಿ ತಿದ್ದುವ ಇಂಕಿಂಗ್, ಬಣ್ಣ, ಮಾತುಗಳನ್ನು ಬರೆದು ಕೂರಿಸುವ ಲೆಟರಿಂಗ್ ಇವುಗಳನ್ನು ಬೇರೆ ಬೇರೆಯವರು ಮಾಡಿರಬಹುದು, ಅವರೆಲ್ಲರ ಹೆಸರು ಸಂಚಿಕೆಯ ಮೊದಲ ಪುಟಗಳಲ್ಲೇ ಇರುತ್ತದೆ. 1960ರ ದಶಕದ ಮಾರ್ವೆಲ್‌ನಲ್ಲಿ ಕಥೆಗಾರ ಸ್ಟ್ಯಾನ್ ಲೀ ಅವರೊಂದಿಗೆ ಕಥೆಯ ಎಳೆಯನ್ನಷ್ಟೇ ಚರ್ಚಿಸಿ, ಚಿತ್ರಕಾರರಾದ ಜ್ಯಾಕ್ ಕರ್ಬಿ, ಸ್ಟೀವ್ ಡಿಟ್ಕೊ ಮೊದಲಾದವರು ಪುಟಗಳ ಚಿತ್ರ ಬರೆದ ಮೇಲೆ ಲೀ ಸಂಭಾಷಣೆ ಸೇರಿಸುವ ಪದ್ಧತಿಯಿತ್ತು. ಹಾಗೆ ನೋಡಿದರೆ ಅಲ್ಲಿ ಅರ್ಧ ಕಥೆ ಚಿತ್ರಕಾರರದ್ದೇ. ಬ್ಯಾಟ್‌ಮ್ಯಾನ್ ಸೃಷ್ಟಿಯಲ್ಲಿ ಪಾಲುಗೊಂಡ ಬಿಲ್ ಫಿಂಗರ್ ಅವರ ಹೆಸರು ಬಾಬ್ ಕೇನ್ ಹೆಸರಿನ ಜೊತೆ ಅಧಿಕೃತವಾಗಿ ಅಚ್ಚಾಗಲು 2015ರವರೆಗೆ ಕಾಯಬೇಕಾಯಿತು. ಈ ಉದ್ಯಮದಲ್ಲಿ ಹೆಸರು ಬಿಟ್ಟುಹೋಗುವುದು ಸಣ್ಣ ಸಂಗತಿಯಲ್ಲ.

ಎಲ್ಲ ಸಂಚಿಕೆಗಳಿಗೂ ಒಂದೇ ಅಳತೆಗೋಲು ಸಲ್ಲದು. ಮೊದಲ ಸಂಚಿಕೆಯಾದರೆ, ಹಿಂದಿನದೇನನ್ನೂ ಓದದ ವ್ಯಕ್ತಿಗೆ ಅದು ತಿಳಿಯುತ್ತದೆಯೇ ಎಂಬುದು ಮುಖ್ಯ. ಐದಾರು ಸಂಚಿಕೆಗಳ ಕಥಾಭಾಗದಲ್ಲಿ ಮೂರನೆಯದಾದರೆ, ಮುಂದೆ ಸಂಪುಟವಾಗುತ್ತದೆಂಬ ಧೈರ್ಯದಲ್ಲಿ ಪುಟ ತುಂಬಿಸಿದ್ದಾರೆಯೇ ಎಂದು ನೋಡಬೇಕು. ಇಬ್ಬರು ಮಾಳಿಗೆಯ ಮೇಲೆ ನಿಂತು ನಾಲ್ಕು ಪುಟ ಮಾತಾಡಿದ್ದಕ್ಕೆ ಸಂಪುಟದಲ್ಲಿ ಕ್ಷಮೆ ಸಿಗಬಹುದು, ಬಿಡಿ ಸಂಚಿಕೆಗೆ ಹಣ ಕೊಟ್ಟವರಿಂದ ಸಿಗಬೇಕಾಗಿಲ್ಲ. ಹಲವು ನಾಯಕರ ಸಂಚಿಕೆಗಳಲ್ಲಿ ಹರಡಿಕೊಳ್ಳುವ ದೊಡ್ಡ ಘಟನಾಸರಣಿಯೊಂದಕ್ಕೆ ಅಂಟಿಕೊಂಡು ಬಂದ ಸಂಚಿಕೆಯಾದರೆ ಮೂಲ ಸರಣಿಯನ್ನು ಓದದೆಯೂ ಅರ್ಥವಾಗುತ್ತದೆಯೇ ಎಂದು ಒಂದೇ ಸಾಲಿನಲ್ಲಿ ತಿಳಿಸಿದರೆ ಓದುಗರ ಹಣ ಉಳಿಯುತ್ತದೆ.

ಬರವಣಿಗೆಗೆ ಬಂದರೆ, ‘ಕಥೆ ಸೂಪರ್, ಚಿತ್ರ ಮಸ್ತ್’ ಎಂಬ ಮಾತು ಯಾವ ಸಂಚಿಕೆಗಾದರೂ ಅನ್ವಯಿಸುತ್ತದೆ. ಅದರ ಬದಲು ಹೀಗೆ ಬರೆದು ನೋಡಿ: ‘ನಾಯಕಿ ತನ್ನ ಮುಖವಾಡ ಕಳಚುವ ಪುಟದಲ್ಲಿ ಆರು ಪ್ಯಾನೆಲ್‌ಗಳಿವೆ, ಮೊದಲ ಐದರಲ್ಲಿ ಕೈಗಳು ಮಾತ್ರ ಕಾಣುತ್ತವೆ. ಆರನೆಯದರಲ್ಲಿ ಮುಖ ಕಾಣುವಾಗ ಅದುವರೆಗಿದ್ದ ನೀಲಿ ಬಣ್ಣ ಮಾಯವಾಗಿರುತ್ತದೆ. ಆದರೆ ಅದೇ ಪ್ಯಾನೆಲ್‌ನಲ್ಲಿ ಅವಳ ದುಃಖವನ್ನು ವಿವರಿಸುವ ಮೂರು ಬಲೂನುಗಳನ್ನು ತುಂಬಿದ್ದರಿಂದ, ಚಿತ್ರ ಆಗಲೇ ಹೇಳಿದ್ದನ್ನು ಮತ್ತೊಮ್ಮೆ ಹೇಳಿದಂತಾಗಿದೆ.’ ಓದಿದವರು ಒಪ್ಪಬಹುದು, ಜಗಳಕ್ಕೂ ಬರಬಹುದು. ಎರಡಕ್ಕೂ ಇಲ್ಲಿ ಹಿಡಿದು ಮಾತಾಡಲು ಏನೋ ಇದೆ. ಒಂದು ಸಂಚಿಕೆಗೆ ಇಂಥ ಒಂದು ಪುಟವನ್ನು ಆರಿಸಿಕೊಂಡರೆ ಸಾಕು.

ಕಥೆಯನ್ನು ಎಷ್ಟು ಹೇಳಬೇಕೆಂಬುದಕ್ಕೆ ನನ್ನ ಮಿತಿ ಮೊದಲ ಏಳೆಂಟು ಪುಟ. ಕೊನೆಯ ಪುಟದ ಗುಟ್ಟನ್ನು ಬಿಚ್ಚದೆಯೂ ಅದು ಹಿಂದಿನ ಪುಟಗಳಿಂದ ಸಹಜವಾಗಿ ಬಂದಿದೆಯೋ, ಮುಂದಿನ ತಿಂಗಳು ಕೊಳ್ಳಲೆಂದು ತಂದು ಅಂಟಿಸಿದ್ದೋ ಎಂದು ಹೇಳಲು ಬರುತ್ತದೆ. ನಕ್ಷತ್ರ ಕೊಡುವ ಪದ್ಧತಿ ನನಗೆ ಹಿಡಿಸದು, ಆದರೆ ಕೊಡುವುದಿದ್ದರೆ ಬರಹ ಮುಗಿದ ಮೇಲೆ ಕೊಡಿ. ಮೊದಲೇ ಕೊಟ್ಟರೆ ವಾಕ್ಯಗಳೆಲ್ಲ ಅದನ್ನು ಸಮರ್ಥಿಸಲು ಹೊರಡುತ್ತವೆ. ಪ್ರತಿ ಸಂಚಿಕೆಯ ಕೆಳಗೆ, ಮುಂದಿನದಕ್ಕೂ ಹಣ ಕೊಡುತ್ತೀರೋ, ಸಂಪುಟ ಬರುವವರೆಗೆ ಕಾಯುತ್ತೀರೋ, ಇಲ್ಲಿಗೇ ನಿಲ್ಲಿಸುತ್ತೀರೋ ಎಂಬುದನ್ನು ಕಾರಣ ಸಮೇತ ಒಂದು ವಾಕ್ಯದಲ್ಲಿ ಬರೆದು, ಮುಂದಿನ ತಿಂಗಳು ನಿರ್ಧಾರ ಬದಲಾದರೆ ಅದನ್ನೂ ತಿಳಿಸಿ.