ಮಕ್ಕಳಿಗೆ ತರಕಾರಿ ಪರಿಚಯ: ಮಾರ್ಕೆಟ್‌ನಿಂದಲೇ ಶುರು ಮಾಡಿ

ಚಾರ್ಟ್ ತೋರಿಸಿ ಬಾಯಿಪಾಠ ಮಾಡಿಸಬೇಡಿ. ಮಗುವನ್ನು ಮೈಸೂರಿನ ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗಿ, ಕೈಗೊಂದು ಚಿಕ್ಕ ಚೀಲ ಕೊಟ್ಟು, 'ಹಸಿರು ಬಣ್ಣದ 3 ತರಕಾರಿ ಹುಡುಕು ಪುಟ್ಟಾ' ಅನ್ನಿ. ನಮ್ಮ ಈರನಗೆರೆ ಬದನೆ ಸಿಕ್ಕರೆ ನೇರಳೆ ಬದನೆ ಪಕ್ಕ ಇಟ್ಟು ತೋರಿಸಿ. ಬದನೆ ಹಸಿರೂ ಇರುತ್ತೆ ಅಂತ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ, ಅಲ್ವಾ?

ಮನೆಗೆ ಬಂದು, ನೋಡದೆ ಚೀಲದೊಳಗೆ ಕೈ ಹಾಕಿಸಿ ಹೆಸರು ಹೇಳಿಸಿ. ಹಾಗಲಕಾಯಿ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ.

ನನಗೆ ಜಾಸ್ತಿ ಇಷ್ಟ ಬೆಂಡೆಕಾಯಿ ಅಚ್ಚು. ಬಲಿತ ಬೆಂಡೆಯನ್ನು ನೀವೇ ಅಡ್ಡಕ್ಕೆ ಕತ್ತರಿಸಿ ಕೊಡಿ, ಬೀಟ್‌ರೂಟ್ ರಸದಲ್ಲಿ ಅದ್ದಿ ಕಾಗದಕ್ಕೆ ಒತ್ತಿದರೆ ಹೂವಿನ ಆಕಾರ ಮೂಡುತ್ತದೆ, ನಡುವೆ ಬೀಜ ಕೂರುವ ಗೂಡುಗಳೂ ಕಾಣುತ್ತವೆ. ತಿನ್ನು ಅಂತ ಒತ್ತಾಯ ಬೇಡ. ಎಳೆ ಬೆಂಡೆಯ ಪಲ್ಯ ಮಾಡುವಾಗ ಒಗ್ಗರಣೆಗೆ ಕರಿಬೇವು ಬಿಡಿಸುವ ಕೆಲಸ ಅವರಿಗೇ ಕೊಡಿ.