ಟ್ರೌಟ್ ಹಿಡಿಯೋಕೆ ಹಿಮಾಚಲಕ್ಕಾ? ಮೊದಲು ನದಿಯ ರಜೆ ನೋಡಿ, ಆಮೇಲೆ ನಿಮ್ಮದು

ನಮ್ಮ ಭಾವ ಒಂದು ದೀಪಾವಳಿಗೆ ಐದು ಜನರನ್ನು ಕಟ್ಟಿಕೊಂಡು ಟ್ರೌಟ್ ಮೀನು ಹಿಡಿಯಲು ಹಿಮಾಚಲಕ್ಕೆ ಹೋದರು. ಕಲಬುರಗಿಯಿಂದ ಎರಡು ಸಾವಿರ ಕಿಲೋಮೀಟರ್ ಮೇಲಾಗುತ್ತದೆ. ಗಾಳದ ಹೊಸ ರಾಡು, ದಾರ ಸುತ್ತುವ ಹೊಸ ರೀಲು, ತಲೆಗೆ ಅಗಲ ಟೋಪಿ. ನದಿ ದಂಡೆಗೆ ಇಳಿದ ದಿನ ನವೆಂಬರ್ 2. ಉಳಿದುಕೊಂಡ ಮನೆಯ ಮಾಲೀಕ ಚಹಾ ಕೊಟ್ಟು, 'ಭಾಯಿಸಾಬ್, ಮಾರ್ಚ್‌ನಲ್ಲಿ ಬರಬೇಕಿತ್ತು' ಅಂದನಂತೆ. ಐದೂ ಜನ ನಾಲ್ಕು ದಿನ ಮ್ಯಾಗಿ ತಿಂದು, ನೀರು ನೋಡಿ ವಾಪಸ್ ಬಂದರು. ರಾಡಿನ ಚೀಲದ ಜಿಪ್ಪು ಕೂಡ ತೆಗೆದಿರಲಿಲ್ಲ.

ಭಾವ ಒಬ್ಬರೇ ಅಲ್ಲ. ಮೊದಲು ಕಾಟೇಜು, ಆಮೇಲೆ ಟಿಕೆಟ್, ಕೊನೆಗೆ ಮೀನು ಅಂತ ಹೊರಟವರೆಲ್ಲ ಹೀಗೇ ಎಡವುತ್ತಾರೆ. ಲೆಕ್ಕ ಉಲ್ಟಾ ಹಾಕಬೇಕು.

ಒಂದು: ದಿನಾಂಕ

ಹಿಮಾಚಲದಲ್ಲಿ ನವೆಂಬರ್ 1ರಿಂದ ಫೆಬ್ರವರಿ ಕೊನೆವರೆಗೆ ಟ್ರೌಟ್ ಹಿಡಿಯುವುದು ಬಂದ್. ಅದು ಮೀನು ಮೊಟ್ಟೆ ಇಡುವ ಕಾಲ. ಜುಲೈ, ಆಗಸ್ಟ್ ಮಳೆಗಾಲ. ನದಿ ಕೆಂಪಾಗಿ ಹರಿಯುತ್ತದೆ, ಗುಡ್ಡ ಕುಸಿದು ರಸ್ತೆ ಕಟ್ಟುತ್ತದೆ. 2023ರ ಮಳೆಯಲ್ಲಿ ಕುಲು, ಮಂಡಿ ಕಡೆ ಏನಾಯಿತು ಅಂತ ಟಿವಿಯಲ್ಲಿ ನೋಡಿದ್ದೇವಲ್ಲ.

ಉಳಿದದ್ದು ಎರಡು ಕಿಂಡಿ. ಮಾರ್ಚ್‌ನಿಂದ ಜೂನ್ ಮೊದಲ ವಾರಗಳು ಒಂದು, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ಇನ್ನೊಂದು. ಮೇ ತಿಂಗಳಲ್ಲಿ ನಮ್ಮೂರಲ್ಲಿ ಬಿಸಿಲು 42 ಡಿಗ್ರಿ ದಾಟಿದಾಗ ಎಲ್ಲರಿಗೂ ಬೆಟ್ಟ ನೆನಪಾಗುತ್ತದೆ, ನಿಜ. ಆದರೆ ಆಗ ಹಿಮ ಕರಗಿ ನೀರು ಜಾಸ್ತಿ ಇರುತ್ತದೆ, ಜನ ಅದಕ್ಕಿಂತ ಜಾಸ್ತಿ. ನನ್ನನ್ನು ಕೇಳಿದರೆ ಅಕ್ಟೋಬರ್ ಮೊದಲ ಹದಿನೈದು ದಿನ. ನೀರು ಗಾಜಿನ ಹಾಗೆ ಇರುತ್ತದೆ. ಮಾರ್ಚ್‌ನಲ್ಲೇ ಹೋಗುವುದಾದರೆ ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ತೇರು ಮುಗಿಸಿ ಹೊರಡಿ. ಇಲ್ಲದಿದ್ದರೆ ಮನೆಯಲ್ಲಿ ಒಬ್ಬರೂ ಜೊತೆಗೆ ಬರುವುದಿಲ್ಲ.

ಎರಡು: ಕಣಿವೆ

ಟ್ರೌಟ್ ನಮ್ಮ ಭೀಮಾ ನದಿಯ ಮೀನಲ್ಲ. ಅದಕ್ಕೆ ತಣ್ಣನೆಯ, ಓಡುವ ನೀರೇ ಬೇಕು. ಅದು ಹಿಮಾಲಯದ ಮೂಲದ್ದೂ ಅಲ್ಲ. 1900ರ ಆಸುಪಾಸು ಬ್ರಿಟಿಷರು ಸ್ಕಾಟ್ಲೆಂಡಿನಿಂದ ಕಾಶ್ಮೀರಕ್ಕೆ ಮೊಟ್ಟೆ ತರಿಸಿದರು, 1909ರಲ್ಲಿ ಅಲ್ಲಿಂದ ಕುಲು ಕಡೆಗೆ ಬಂತು. ಈಗ ನದಿಗಳಲ್ಲಿ ಇರುವುದು ಹೆಚ್ಚಾಗಿ ಬ್ರೌನ್ ಟ್ರೌಟ್. ಹೋಟೆಲಿನ ತಟ್ಟೆಗೆ ಬರುವುದು ಫಾರ್ಮಿನಲ್ಲಿ ಸಾಕಿದ ರೇನ್‌ಬೋ.

ಬರೋಟ್‌ನ ಊಹ್ಲ್ ನದಿ ಚೆನ್ನ, ಸಾಂಗ್ಲಾದ ಬಸ್ಪಾ ಇನ್ನೂ ಚೆನ್ನ, ಆದರೆ ದೂರ. ಮೊದಲ ಸಲಕ್ಕೆ ಕುಲು ಜಿಲ್ಲೆಯ ತೀರ್ಥನ್ ಕಣಿವೆಗೇ ಹೋಗಿ. 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲೇ ಇದೆ. ಮೀನು ಹಿಡಿಯದವರಿಗೂ ನಡೆದಾಡಲು ಜಾಗವಿದೆ. ಊಟಿ, ಮುನ್ನಾರ್ ಬೆಟ್ಟಗಳಲ್ಲೂ ಟ್ರೌಟ್ ಇದೆಯಲ್ಲ ಅಂತ ಕೆಲವರು ಕೇಳುತ್ತಾರೆ. ಇದೆ. ಆದರೆ ಅಲ್ಲಿನ ಒಳ್ಳೆಯ ನೀರೆಲ್ಲ ಕಾಡಿನೊಳಗೆ, ಅನುಮತಿಗೆ ಅಲೆಯುವುದರಲ್ಲೇ ರಜೆ ಮುಗಿಯುತ್ತದೆ.

ಮೂರು: ಮನೆ

ಇಲ್ಲಿ ಅವಸರ ಬೇಡ. ಎಲ್ಲರೂ ಮೋಸ ಹೋಗುವುದು ಇಲ್ಲೇ.

ಫೋಟೋದಲ್ಲಿ 'ರಿವರ್ ವ್ಯೂ' ಅಂತ ಬರೆದಿರುತ್ತದೆ. ಸುಳ್ಳಲ್ಲ, ಕಿಟಕಿಯಿಂದ ನದಿ ಕಾಣುತ್ತದೆ. ಮುನ್ನೂರು ಮೆಟ್ಟಿಲು ಕೆಳಗೆ! ನಾನು ಮೊದಲ ಸಲ ಹೋದಾಗ ಹಾಗೇ ಆಯಿತು. ಬೆಳಿಗ್ಗೆ ಇಳಿದರೆ ಮಧ್ಯಾಹ್ನ ಊಟಕ್ಕೆ ಹತ್ತಲು ಮನಸ್ಸಿಲ್ಲ, ಹತ್ತಿದರೆ ಸಂಜೆ ಇಳಿಯಲು ಮೊಣಕಾಲು ಒಪ್ಪುವುದಿಲ್ಲ. ಟ್ರೌಟ್ ಆಡುವುದು ಬೆಳಗಿನ ಹೊತ್ತು, ಮತ್ತೆ ಸೂರ್ಯ ಬೆಟ್ಟದ ಹಿಂದೆ ಹೋದ ಮೇಲೆ. ದಿನಕ್ಕೆ ಎರಡು ಸಲವಾದರೂ ಇಳಿದು ಹತ್ತಲೇಬೇಕು.

ಹಾಗಾಗಿ ಆ್ಯಪಿನಲ್ಲಿ ಮನೆ ನೋಡಿ, ಆದರೆ ಫೋನ್ ಮಾಡಿಯೇ ಬುಕ್ ಮಾಡಿ. ನಮ್ಮ ಕಡೆಯವರಿಗೆ ಹಿಂದಿ ಬರುತ್ತದೆ. ಬೀದರಿನವರಿಗಂತೂ ಕೇಳುವುದೇ ಬೇಡ. ಮಾಲೀಕನಿಗೆ ವಿಡಿಯೋ ಕಾಲ್ ಮಾಡಿ, 'ಅಣ್ಣಾ, ಮನೆ ಬಾಗಿಲಿಂದ ನೀರಿನ ತನಕ ಸ್ವಲ್ಪ ನಡೆದು ತೋರಿಸು' ಅನ್ನಿ. ಮೂರು ನಿಮಿಷದಲ್ಲಿ ಅವನು ನೀರು ಮುಟ್ಟಿದರೆ ಆ ಮನೆ ಪಕ್ಕಾ. 'ನೆಟ್‌ವರ್ಕ್ ಇಲ್ಲ' ಅಂದರೆ ನಂಬಬಹುದು, ಆ ಕಣಿವೆಯಲ್ಲಿ ಅದು ನಿಜ ಇರಬಹುದು. ಸಂಜೆ ವಿಡಿಯೋ ಮಾಡಿ ಕಳಿಸಲು ಹೇಳಿ. ಎರಡು ದಿನವಾದರೂ ಬರದಿದ್ದರೆ ಬೇರೆ ಮನೆ ನೋಡಿ.

ಆಮೇಲೆ ಕೇಳಿ: ರಸ್ತೆಯಿಂದ ಮನೆಗೆ ದಾರಿ ಹೇಗೆ? ತೀರ್ಥನ್ ಕಣಿವೆಯ ಗುಶೈನಿ ಹಳ್ಳಿ ಕಡೆ ಕೆಲವು ಮನೆಗಳು ನದಿಯ ಆಚೆ ದಂಡೆಯಲ್ಲಿವೆ. ತಂತಿಗೆ ತೂಗುಹಾಕಿದ ಬುಟ್ಟಿಯಲ್ಲಿ ಕೂರಿಸಿ ಹಗ್ಗದಿಂದ ಎಳೆದುಕೊಳ್ಳುತ್ತಾರೆ. ಮಕ್ಕಳಿಗೆ ಜಾತ್ರೆ, ಅತ್ತೆಗೆ ಬಿಪಿ. ಹಿರಿಯರು ಜೊತೆಗಿದ್ದರೆ ಇದನ್ನು ಮೊದಲೇ ತಿಳಿದುಕೊಂಡಿರಬೇಕು.

ಚಳಿಗೆ ಏನಿದೆ? ಅಕ್ಟೋಬರಿನಲ್ಲೂ ರಾತ್ರಿ ಮೂಳೆಗೆ ಹತ್ತುತ್ತದೆ. ಅಲ್ಲಿ ಕೋಣೆ ಕಾಯಿಸುವ ಕಟ್ಟಿಗೆ ಒಲೆಗೆ ತಂದೂರ್ ಅನ್ನುತ್ತಾರೆ, ರೊಟ್ಟಿ ಸುಡುವ ತಂದೂರ್ ಅಲ್ಲ. ಅದು ಮಲಗುವ ಕೋಣೆಯಲ್ಲಿದೆಯಾ, ಬರೀ ಊಟದ ಹಾಲಿನಲ್ಲಾ? ಕಟ್ಟಿಗೆಗೆ ಬೇರೆ ದುಡ್ಡಾ? ಕರೆಂಟ್ ಹೋದರೆ ಬಿಸಿನೀರು ಎಲ್ಲಿಂದ? ಊಟ ಸೇರಿ ಒಬ್ಬರಿಗೆ ಎಷ್ಟು? ನಮ್ಮ ಮನೆಗಳಲ್ಲಿ ಅರ್ಧ ಜನ ಶಾಕಾಹಾರಿ. ಮೀನಿಗೆ ಬೇರೆ ಪಾತ್ರೆ ಇಡುತ್ತಾರಾ ಅಂತ ನಾಚಿಕೆ ಇಲ್ಲದೆ ಕೇಳಿ. ಅಲ್ಲಿ ಹೋಗಿ ಅಡುಗೆಮನೆ ಬಾಗಿಲಲ್ಲಿ ಜಗಳ ಆಡುವುದಕ್ಕಿಂತ ಅದು ವಾಸಿ. ರಸ್ತೆ ಕುಸಿದು ಬರಲಾಗದಿದ್ದರೆ ಅಡ್ವಾನ್ಸ್ ವಾಪಸಾ ಅನ್ನುವುದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಇನ್ನು ಗಾಜಿನ ಮುಂಭಾಗದ ತ್ರಿಕೋನ ಕ್ಯಾಬಿನ್. ಫೋಟೋಗೆ ಸೊಗಸು, ಇರಲು ಕಷ್ಟ. ಹಗಲು ಕಾದ ಹಂಚು, ರಾತ್ರಿ ಫ್ರಿಜ್ಜು. ದೇವದಾರು ಮರ ಮತ್ತು ಕಲ್ಲನ್ನು ಸಾಲುಸಾಲಾಗಿ ಜೋಡಿಸಿ, ಗಾರೆ ಇಲ್ಲದೆ ಕಟ್ಟಿದ ಹಳೆ ಕಾಠ್-ಕುಣಿ ಮನೆಯಲ್ಲಿ ಕೋಣೆ ಸಿಕ್ಕರೆ ಬಿಡಬೇಡಿ. ಬಾಗಿಲು ಗಿಡ್ಡ, ಮೊದಲ ದಿನ ನಾಲ್ಕು ಸಲ ತಲೆ ಬಡಿಯುತ್ತದೆ. ಆದರೆ ಬೆಚ್ಚಗಿರುತ್ತದೆ. ಸೋಮವಾರದಿಂದ ಗುರುವಾರದ ನಡುವೆ ಇರುವ ಹಾಗೆ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ದೆಹಲಿ, ಚಂಡೀಗಡದ ಕಾರುಗಳು ಸ್ಪೀಕರ್ ಸಮೇತ ಬರುತ್ತವೆ.

ನಾಲ್ಕು: ಪ್ರಯಾಣ

ಯಾದಗಿರಿ, ಕಲಬುರಗಿಯವರಿಗೆ ಕರ್ನಾಟಕ ಎಕ್ಸ್‌ಪ್ರೆಸ್ ನೇರ ದೆಹಲಿಗೆ. ಬುಕಿಂಗ್ ತೆರೆಯುವುದು 60 ದಿನ ಮುಂಚೆ, ಆ ದಿನವೇ ಮಾಡಿ. ಬೀದರಿನವರು ಹೈದರಾಬಾದಿನಿಂದ ವಿಮಾನ ಹಿಡಿಯುವುದು ಸುಲಭ. ದೆಹಲಿಯ ಕಶ್ಮೀರಿ ಗೇಟ್‌ನಿಂದ ಸಂಜೆಯ ಮನಾಲಿ ಬಸ್ಸು. ಮನೆಯಿಂದ ಮನೆಗೆ ಹತ್ತು ದಿನ ಇಟ್ಟುಕೊಳ್ಳಿ. ಆರು ದಿನದಲ್ಲಿ ಮುಗಿಸುತ್ತೇನೆ ಅನ್ನುವವರು ರೈಲು, ಬಸ್ಸುಗಳನ್ನಷ್ಟೇ ನೋಡಿ ಬರುತ್ತಾರೆ.

ಇಳಿಯುವ ಜಾಗದ ಹೆಸರು ಔಟ್. ಕಂಡಕ್ಟರ್ ಬೆಳಗಿನ ಜಾವ 'ಔಟ್, ಔಟ್' ಅಂತ ಕೂಗಿದರೆ ಯಾರನ್ನೋ ಹೊರಗೆ ಹಾಕುತ್ತಿದ್ದಾನೆ ಅಂತ ಮಗ್ಗುಲು ಬದಲಿಸಬೇಡಿ. ಔಟ್ ಸುರಂಗಕ್ಕೆ ಮುಂಚೆಯೇ ಇಳಿಯಬೇಕು. ನಿದ್ದೆ ಹೋದವರು ಕುಲುವಿನಲ್ಲಿ ಏಳುತ್ತಾರೆ. ಔಟ್‌ನಿಂದ ಲಾರ್ಜಿ, ಬಂಜಾರ್ ಮೇಲೆ ಗುಶೈನಿಗೆ ಜೀಪು, ಬಸ್ಸು ಎರಡೂ ಇವೆ. ಎಟಿಎಂ ಕೆಲಸ ಬಂಜಾರ್‌ನಲ್ಲೇ ಮುಗಿಸಿ.

ಐದು: ಸಾಮಾನು

ಆನ್‌ಲೈನಿನಲ್ಲಿ ರಾಡು, ರೀಲು, ದಾರ, ನೂರು ಬಿಡಿಭಾಗ ಎಲ್ಲ ಸೇರಿ ಒಂದೇ ಪೊಟ್ಟಣ ಅಂತ ಮಾರುತ್ತಾರೆ. ತಗೊಳ್ಳಬೇಡಿ. ಮಡಚುವ ಆ ರಾಡಿನ ತುದಿಯ ಉಂಗುರ ಎರಡನೇ ದಿನ ಕಳಚಿ ಬೀಳುತ್ತದೆ, ದಾರ ಸ್ಪ್ರಿಂಗಿನ ಹಾಗೆ ಸುರುಳಿ ಸುತ್ತುತ್ತದೆ, ಕೊಕ್ಕೆಗಳು ಕಟ್ಲಾ ಮೀನಿಗಾದರೆ ಸರಿ. ಆರೇಳು ಅಡಿಯ ಹಗುರ ಸ್ಪಿನ್ನಿಂಗ್ ರಾಡು, ಸಣ್ಣ ರೀಲು, ಆರು ಪೌಂಡ್ ತೂಕ ತಾಳುವ ತೆಳು ದಾರ, ಹೆಬ್ಬೆರಳ ಉಗುರಿನಷ್ಟು ತಗಡು ತಿರುಗುವ ನಾಲ್ಕೈದು ಸ್ಪಿನ್ನರ್ (ಹುಳುವಿನ ಬದಲು ಕಟ್ಟುವ ಹುಸಿ ಎರೆ). ಇಷ್ಟು ಸಾಕು. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಅಮುಕಿ ಮಟ್ಟ ಮಾಡಿಕೊಳ್ಳಿ. ಸಣ್ಣ ಮೀನನ್ನು ಗಾಯ ಮಾಡದೆ ಬಿಡಬಹುದು, ನಿಮ್ಮ ಬೆರಳಿಗೆ ಚುಚ್ಚಿದರೂ ಸಲೀಸಾಗಿ ಬರುತ್ತದೆ.

ಹೊರಡುವ ಮುಂಚೆ ಒಂದು ವಾರ ಅಭ್ಯಾಸ ಮಾಡಿ. ನಾನು ಕೊಕ್ಕೆ ತೆಗೆದು, ಬರೀ ತೂಕ ಕಟ್ಟಿ, ನಮ್ಮೂರ ಎನ್‌ವಿ ಮೈದಾನದ ಮೂಲೆಯಲ್ಲಿ ಹದಿನೈದು ಹೆಜ್ಜೆ ದೂರ ಬಕೆಟ್ ಇಟ್ಟು ಬೀಸುತ್ತಿದ್ದೆ. ಹುಡುಗರು ಕ್ರಿಕೆಟ್ ನಿಲ್ಲಿಸಿ ನೋಡುತ್ತಾ ನಿಂತರು. 'ಕಾಕಾ, ಇಲ್ಲಿ ಮೀನ್ ಎಲ್ಲದಾವ್ರಿ?' ಅಂತ ಒಬ್ಬ. ಮೂರನೇ ದಿನ ತೂಕ ಬಕೆಟಿಗೆ ಟಣ್ ಅಂತ ಬಿತ್ತು, ಅವನೇ ಚಪ್ಪಾಳೆ ಹೊಡೆದ.

ಆರು: ಲೈಸೆನ್ಸು ಮತ್ತು ನೀರು

ಮೀನುಗಾರಿಕೆ ಇಲಾಖೆಯ ಲೈಸೆನ್ಸು ಬೇಕೇ ಬೇಕು. ತಲೆಗೊಂದು, ದಿನದ ಲೆಕ್ಕ. ಮನೆ ಮಾಲೀಕನಿಗೆ ಮೊದಲೇ ಹೇಳಿದರೆ ದಾರಿ ತೋರಿಸುತ್ತಾನೆ. ಎಷ್ಟು ಮೀನು, ಎಷ್ಟು ಉದ್ದ ಅನ್ನುವ ಮಿತಿ ಇದೆ. 'ಯಾರೂ ನೋಡಲ್ಲ' ಅನ್ನುವ ಗೈಡ್ ಸಿಕ್ಕರೆ ಬೇರೆ ಗೈಡ್ ಹುಡುಕಿ.

ಕೆರೆ ದಂಡೆಯಲ್ಲಿ ಬೆಂಡು ಬಿಟ್ಟು ಬೀಡಿ ಸೇದುತ್ತಾ ಕೂರುವ ಆಟ ಇದಲ್ಲ. ಟ್ರೌಟ್ ಹರಿವಿಗೆ ಎದುರಾಗಿ, ಬಂಡೆಯ ಹಿಂದಿನ ನಿಧಾನದ ನೀರಿನಲ್ಲಿ ನಿಂತಿರುತ್ತದೆ. ಮೇಲಿನಿಂದ ಬರುವ ಹುಳುವಿಗಾಗಿ ಕಾಯುತ್ತದೆ. ಮುಖ ಹರಿವಿನ ಮೇಲ್ಗಡೆಗೆ ಇರುವುದರಿಂದ ನೀವು ಹೋಗಬೇಕಾದದ್ದು ಹರಿವಿನ ಕೆಳಗಡೆಯಿಂದ, ಅದರ ಬೆನ್ನ ಹಿಂದೆ. ನೆರಳು ನೀರಿಗೆ ಬೀಳಬಾರದು. ಕೆಂಪು ಅಂಗಿ ಬೇಡ. ಬಂಡೆಗಿಂತ ಮೂರು ಮಾರು ಮೇಲೆ ಸ್ಪಿನ್ನರ್ ಹಾಕಿ, ಹರಿವಿಗಿಂತ ಒಂಚೂರು ಜೋರಾಗಿ ಸುತ್ತಿ. ತಗಡು ತಿರುಗುವುದು ರಾಡಿನ ಮೂಲಕ ಅಂಗೈಗೆ ಜುಮ್ ಅಂತ ತಿಳಿಯಬೇಕು. ಒಂದು ಬಂಡೆಗೆ ನಾಲ್ಕು ಸಲ, ಸಿಗದಿದ್ದರೆ ಮೇಲಿನ ಬಂಡೆ. ಸಿಕ್ಕ ಮೀನನ್ನು ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಕಂದು ಮೈ, ಕಪ್ಪು ಚುಕ್ಕಿ, ನಡುವೆ ಅಲ್ಲಲ್ಲಿ ಬಿಳಿ ಅಂಚಿನ ಕುಂಕುಮದ ಬೊಟ್ಟು. ಅದೇ ಬ್ರೌನ್ ಟ್ರೌಟ್.

ಈಗ ಗಟ್ಟಿಯಾಗಿ ಹೇಳುವ ಮಾತು. ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ, ರಬ್ಬರ್ ಚಪ್ಪಲಿಯಲ್ಲಿ ಕಲ್ಲು ಹತ್ತಬೇಡಿ. ನೀರಿನ ಬಣ್ಣ ಬದಲಾದರೆ, ಎಲೆ ಕಡ್ಡಿ ತೇಲಿ ಬರಲು ಶುರುವಾದರೆ ಸಾಮಾನು ಬಿಟ್ಟು ದಂಡೆ ಹತ್ತಿ. ಮೇಲೆಲ್ಲೋ ಮಳೆ ಬಿದ್ದಿದೆ ಅಂತಲೇ ಅರ್ಥ. ನಿಮ್ಮ ಬಸ್ಸು ಔಟ್ ಮುಟ್ಟುವ ಮುಂಚೆ ಥಲೌಟ್ ಅನ್ನುವ ಜಾಗ ದಾಟುತ್ತದೆ. 2014ರ ಜೂನ್‌ನಲ್ಲಿ ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಅಲ್ಲಿಯೇ, ಬಿಯಾಸ್ ನದಿಯಲ್ಲಿ. ಫೋಟೋಗೆಂದು ಬಂಡೆಗಳ ಮೇಲೆ ಇಳಿದಿದ್ದ ಮಕ್ಕಳು. ಅಣೆಕಟ್ಟಿನ ಕೆಳಗಿನ ಯಾವ ನದಿಗೂ ಇಳಿಯಲೇಬೇಡಿ.

ಊಟದ ವಿಷಯ ಒಂದು ಉಳಿಯಿತು. ಅಲ್ಲಿ ಮೂರು ಹೊತ್ತೂ ರಾಜಮಾ, ಅನ್ನ, ಗೋಧಿ ರೊಟ್ಟಿ. ಮೂರನೇ ದಿನಕ್ಕೆ ನಾಲಿಗೆ ಮುಷ್ಕರ ಹೂಡುತ್ತದೆ. ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ (ಚಟ್ನಿಪುಡಿ) ಒಯ್ಯಿರಿ, ಹತ್ತು ದಿನಕ್ಕೆ ಏನೂ ಆಗುವುದಿಲ್ಲ. ಉಪ್ಪು, ಅರಿಶಿನ ಹಚ್ಚಿ ಸಾಸಿವೆ ಎಣ್ಣೆಯಲ್ಲಿ ಕರಿದ ಟ್ರೌಟ್ ಮೇಲೆ ಆ ಹಿಂಡಿ ಉದುರಿಸಿದಾಗ ನಮ್ಮ ಮಾಲೀಕನ ಹೆಂಡತಿ ಡಬ್ಬಿಯನ್ನೇ ಇಸಿದುಕೊಂಡರು. ಎರಡು ಡಬ್ಬಿ ಇಟ್ಟುಕೊಳ್ಳಿ. ರೊಟ್ಟಿ ಗಂಟು ಮಾತ್ರ ತೊಡೆಯ ಮೇಲಿರಲಿ. ಬಸ್ಸಿನ ಡಿಕ್ಕಿಗೆ ಹಾಕಿದರೆ ಔಟ್ ಮುಟ್ಟುವಷ್ಟರಲ್ಲಿ ಎಲ್ಲ ಪುಡಿ.